ಹೆನ್ರಿ ಡೇಲ್ ಮತ್ತು ಹಿಸ್ಟಮೀನ್

ಸಂಜೆಯ ಹೊತ್ತು ದೀಪದ ಮುಂದೆ ಓದುತ್ತ ಕುಳಿತಿರುವಾಗ ಸೊಳ್ಳೆಯೊಂದು ಕೈಯ ಮೇಲೆ ಕುಳಿತು ಕಚ್ಚಿ ಹಾರಿಹೋಗುತ್ತದೆ. ಸ್ವಲ್ಪ ಹೊತ್ತಿನಲ್ಲಿಯೇ ಅಲ್ಲಿನ ಚರ್ಮ ಕೆಂಪೇರುತ್ತದೆ. ಅವರೆಕಾಳಿನಷ್ಟು ದದ್ದು ಏಳುತ್ತದೆ. ಕೆರೆದಷ್ಟೂ ತುರಿಕೆ ಹೆಚ್ಚುತ್ತದೆ. ಕಣಜ ಕುಟುಕಿದರಂತೂ ಇಡೀ ಕೈ ಬಾತುಕೊಳ್ಳುವುದುಂಟು. ಕೆಲವರಿಗೆ ಸೀಗಡಿಯನ್ನು ತಿಂದರೆ ಮೈಯೆಲ್ಲ ಪಿತ್ತದ ಗಂಧೆ ಏಳುತ್ತದೆ. ಇನ್ನು ಕೆಲವರಿಗೆ ಹೂವಿನ ಪರಾಗವು ಮೂಗಿಗೆ ಹೋದರೆ ಸೀನಿನ ಮೇಲೆ ಸೀನು ಬಂದು ಕಣ್ಣು ಮೂಗುಗಳಲ್ಲಿ ನೀರು ಸುರಿಯುತ್ತದೆ. ಇವೆಲ್ಲ ಬೇರೆ ಬೇರೆ ತೊಂದರೆಗಳೆಂದು ತೋರಿದರೂ ಇವುಗಳ ಹಿಂದೆ ಕೆಲಸಮಾಡುವ ವಸ್ತು ಬಹುಮಟ್ಟಿಗೆ ಒಂದೇ. ಅದು ಸೊಳ್ಳೆಯೋ ಸೀಗಡಿಯೋ ತಂದು ನಮ್ಮೊಳಗೆ ಹಾಕಿದ ವಿಷವಲ್ಲ. ನಮ್ಮ ದೇಹವೇ ತಯಾರಿಸಿ ಕೂಡಿಟ್ಟುಕೊಂಡಿರುವ ಪದಾರ್ಥ. ಅದರ ಹೆಸರು ಹಿಸ್ಟಮೀನ್. ಈ ಪದಾರ್ಥದ ಗುಣಗಳನ್ನು ಮೊದಲು ವಿವರವಾಗಿ ಪರೀಕ್ಷಿಸಿ, ಅದು ಸಜೀವ ದೇಹದಲ್ಲಿಯೇ ಇದೆಯೆಂದು ಹದಿನೇಳು ವರ್ಷಗಳ ತರುವಾಯ ಸಿದ್ಧಪಡಿಸಿ ತೋರಿಸಿದವನು ಹೆನ್ರಿ ಹ್ಯಾಲೆಟ್ ಡೇಲ್.

ಡೇಲನು 1875ನೆಯ ಇಸವಿ ಜೂನ್ 9ರಂದು ಲಂಡನ್ ನಗರದಲ್ಲಿ ಜನಿಸಿದನು. ತಂದೆ ವ್ಯಾಪಾರದಲ್ಲಿದ್ದವನು. ಏಳು ಮಕ್ಕಳಲ್ಲಿ ಹೆನ್ರಿ ಮೂರನೆಯವನು. ಶಾಲೆಯ ಓದು ಮುಗಿದ ಮೇಲೆ 1894ರಲ್ಲಿ ಕೇಂಬ್ರಿಜ್‌ನ ಟ್ರಿನಿಟಿ ಕಾಲೇಜನ್ನು ಸೇರಿದನು. ಅಲ್ಲಿ ನರಮಂಡಲದ ವಿಷಯದಲ್ಲಿ ಪ್ರಸಿದ್ಧನಾಗಿದ್ದ ಲ್ಯಾಂಗ್ಲಿ ಎಂಬ ಗುರುವಿನ ಕೈಕೆಳಗೆ ಶರೀರಕ್ರಿಯಾವಿಜ್ಞಾನವನ್ನು ಅಭ್ಯಾಸಮಾಡಿ ಪ್ರಥಮ ದರ್ಜೆಯಲ್ಲಿ ತೇರ್ಗಡೆಯಾದನು. 1900ರಲ್ಲಿ ವೈದ್ಯಶಿಕ್ಷಣವನ್ನು ಪೂರ್ಣಗೊಳಿಸಲು ಲಂಡನ್ನಿನ ಸಂತ ಬಾರ್ತಲೋಮ್ಯೂ ಆಸ್ಪತ್ರೆಗೆ ಬಂದನು. ರೋಗಿಯ ಹಾಸಿಗೆಯ ಪಕ್ಕದಲ್ಲಿ ನಿಲ್ಲುವುದಕ್ಕಿಂತಲೂ ಪ್ರಯೋಗಶಾಲೆಯ ಮೇಜಿನ ಮುಂದೆ ನಿಲ್ಲುವುದೇ ಅವನ ಮನಸ್ಸಿಗೆ ಒಗ್ಗುವ ಕೆಲಸವಾಗಿತ್ತು. 1902ರಲ್ಲಿ ಅವನು ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಸ್ಟಾರ್ಲಿಂಗನ ಪ್ರಯೋಗಶಾಲೆಯನ್ನು ಸೇರಿದನು. ಅದೇ ವರ್ಷ ಸ್ಟಾರ್ಲಿಂಗ್ ಮತ್ತು ಬೇಲಿಸ್ ಇಬ್ಬರೂ ಕೂಡಿ ಕರುಳಿನಲ್ಲಿ ಹುಟ್ಟಿ ರಕ್ತದ ಮೂಲಕ ಮೇದೋಜೀರಕ ಗ್ರಂಥಿಗೆ ಸಂದೇಶ ಒಯ್ಯುವ ಸೆಕ್ರೆಟಿನ್ ಎಂಬ ರಾಸಾಯನಿಕವನ್ನು ಕಂಡುಹಿಡಿದಿದ್ದರು. ದೇಹದ ಭಾಗಗಳು ರಾಸಾಯನಿಕಗಳ ಮೂಲಕವೂ ಒಂದರೊಡನೊಂದು ವ್ಯವಹರಿಸುತ್ತವೆ ಎಂಬುದು ಆಗ ಹೊಚ್ಚಹೊಸ ವಿಚಾರ. ಡೇಲನ ಮುಂದಿನ ಬಾಳೆಲ್ಲ ಈ ವಿಚಾರದ ಬೆನ್ನಟ್ಟಿಯೇ ಸಾಗಿತು. ಇಲ್ಲಿಯೇ ಅವನಿಗೆ ಜರ್ಮನಿಯಿಂದ ಬಂದಿದ್ದ ಆಟೊ ಲೋವಿ ಎಂಬ ತರುಣ ವಿಜ್ಞಾನಿಯ ಸ್ನೇಹವೂ ಲಭಿಸಿತು.

ಈ ದಿನಗಳ ಒಂದು ಕಹಿ ಸಂಗತಿಯನ್ನು ಮುಚ್ಚಿಡಬೇಕಾಗಿಲ್ಲ. 1903ರ ಫೆಬ್ರುವರಿಯಲ್ಲಿ ಬೇಲಿಸನು ವಿದ್ಯಾರ್ಥಿಗಳ ಮುಂದೆ ಒಂದು ನಾಯಿಯ ಮೇಲೆ ಪ್ರಯೋಗ ನಡೆಸಿದನು. ಡೇಲನೂ ಅದರಲ್ಲಿ ಸಹಾಯಕನಾಗಿದ್ದನು. ನಾಯಿಗೆ ಸರಿಯಾಗಿ ಅರಿವಳಿಕೆ ಕೊಟ್ಟಿರಲಿಲ್ಲವೆಂದು ಪ್ರಾಣಿದಯೆಯ ಪಕ್ಷದವರು ಆಪಾದಿಸಿದರು. ಮೊಕದ್ದಮೆ ನಡೆದು ಬೇಲಿಸನು ಗೆದ್ದನು. ಆದರೆ ವಿವಾದ ಅಲ್ಲಿಗೆ ನಿಲ್ಲಲಿಲ್ಲ. ಆ ನಾಯಿಯ ನೆನಪಿಗಾಗಿ 1906ರಲ್ಲಿ ಲಂಡನ್ನಿನ ಬ್ಯಾಟರ್‌ಸೀ ಎಂಬಲ್ಲಿ ಪ್ರತಿಮೆಯನ್ನೇ ನಿಲ್ಲಿಸಿದರು. ಅದರ ಸಲುವಾಗಿ ಬೀದಿಗಳಲ್ಲಿ ಹೊಡೆದಾಟಗಳೂ ಆದವು. ಇಲ್ಲಿ ಹೇಳಲಿರುವ ಶೋಧಗಳೆಲ್ಲ ಬೆಕ್ಕು, ನಾಯಿ, ಗಿನಿಹಂದಿಗಳ ಪ್ರಾಣವನ್ನು ಬೆಲೆಯಾಗಿ ತೆತ್ತು ಪಡೆದವು ಎಂಬುದನ್ನು ಓದುಗರು ಮರೆಯಬಾರದು.

ಅದೇ ಕಾಲದಲ್ಲಿ ಡೇಲನು ಕೆಲವು ತಿಂಗಳು ಜರ್ಮನಿಯ ಫ್ರಾಂಕ್‌ಫರ್ಟ್ ನಗರಕ್ಕೆ ಹೋಗಿ ಪಾಲ್ ಎರ್ಲಿಕ್ ಎಂಬ ಮಹಾ ವಿಜ್ಞಾನಿಯ ಬಳಿ ಕೆಲಸಮಾಡಿದನು. ಎರ್ಲಿಕನು ತಾನು ವಿದ್ಯಾರ್ಥಿಯಾಗಿದ್ದಾಗಲೇ, 1878ರಲ್ಲಿ, ಅಂಗಾಂಶಗಳಿಗೆ ಬಣ್ಣ ಹಾಕಿ ನೋಡುತ್ತ ಒಂದು ಬಗೆಯ ವಿಚಿತ್ರ ಜೀವಕೋಶವನ್ನು ಗುರುತಿಸಿದ್ದನು. ಅದರ ಒಡಲು ತುಂಬ ಕಣಗಳು ಕಿಕ್ಕಿರಿದಿದ್ದವು. ಚೆನ್ನಾಗಿ ಉಂಡು ಕೊಬ್ಬಿದ ಕೋಶವಿರಬೇಕೆಂದು ಭಾವಿಸಿ ಅದಕ್ಕೆ ಮಾಸ್ಟ್ ಕೋಶವೆಂದು ಹೆಸರಿಟ್ಟನು. ಆ ಕಣಗಳಲ್ಲಿ ಏನಿದೆಯೆಂಬುದು ಗುರುವಿಗೂ ತಿಳಿದಿರಲಿಲ್ಲ, ಶಿಷ್ಯನಿಗೂ ತಿಳಿದಿರಲಿಲ್ಲ.

1904ರಲ್ಲಿ ಡೇಲನು ತನ್ನ ಬಂಧುವೇ ಆದ ಎಲೆನ್ ಹ್ಯಾಲೆಟ್ ಎಂಬಾಕೆಯನ್ನು ಮದುವೆಯಾದನು. ಸಂಸಾರ ನಡೆಯಬೇಕಾದರೆ ಸಂಬಳ ಬೇಕು. ಆಗ ಹೆನ್ರಿ ವೆಲ್‌ಕಮ್ ಎಂಬ ಔಷಧ ವ್ಯಾಪಾರಿ ತನ್ನ ಸಂಶೋಧನಾಲಯದಲ್ಲಿ ಅವನಿಗೆ ಕೆಲಸ ಕೊಡಲು ಮುಂದೆ ಬಂದನು. ಸ್ನೇಹಿತರು ಬೇಡವೆಂದರು. ಔಷಧ ಮಾರುವವನ ಕೈಕೆಳಗೆ ದುಡಿದರೆ ವಿಜ್ಞಾನಿಯ ಗೌರವ ಉಳಿಯುವುದೇ ಎಂಬುದು ಅವರ ಶಂಕೆ. ವಿಶ್ವವಿದ್ಯಾನಿಲಯದ ವಿದ್ವಾಂಸರು ಕಾರ್ಖಾನೆಯವರನ್ನು ಕೀಳಾಗಿ ಕಾಣುತ್ತಿದ್ದ ಕಾಲವದು. ಡೇಲನು ಯೋಚಿಸಿ ಒಪ್ಪಿಕೊಂಡನು. ಸ್ವತಂತ್ರವಾದ ಪ್ರಯೋಗಶಾಲೆ, ಬೇಕಾದ ಸಲಕರಣೆ, ಜೊತೆಗೆ ಜಾರ್ಜ್ ಬಾರ್ಜರ್ ಎಂಬ ನುರಿತ ರಸಾಯನಜ್ಞನ ಸಹವಾಸ, ಇಷ್ಟನ್ನು ಅಂದು ಬೇರೆ ಯಾರೂ ಅವನಿಗೆ ಒದಗಿಸುವಂತಿರಲಿಲ್ಲ. ಎರಡೇ ವರ್ಷಗಳಲ್ಲಿ ಅವನು ಆ ಸಂಶೋಧನಾಲಯದ ನಿರ್ದೇಶಕನೂ ಆದನು.

ವೆಲ್‌ಕಮ್ ಅವನಿಗೆ ಸೂಚಿಸಿದ ಸಮಸ್ಯೆ ಎರ್ಗಟ್. ರೈ ಎಂಬುದು ಯುರೋಪಿನ ಬಡವರ ರೊಟ್ಟಿಯ ಧಾನ್ಯ. ಅದರ ತೆನೆಗೆ ಒಂದು ಜಾತಿಯ ಶಿಲೀಂಧ್ರ ತಗಲಿದರೆ ಕಾಳಿನ ಬದಲು ಕೋಳಿಯ ಹಿಂಗಾಲಿನ ಮುಳ್ಳಿನಂತಹ ಕಪ್ಪು ಕೋಡು ಬೆಳೆಯುತ್ತದೆ. ಇದೇ ಎರ್ಗಟ್. ನಮ್ಮ ಸಜ್ಜೆಯ ತೆನೆಗೂ ಇದರ ಬಳಗದ ಶಿಲೀಂಧ್ರವೊಂದು ತಗಲಿ, ಅಂಟಾದ ರಸ ಒಸರುವುದನ್ನು ರೈತರ ಮಕ್ಕಳು ನೋಡಿರಬಹುದು. ಮಧ್ಯಯುಗದಲ್ಲಿ ಎರ್ಗಟ್ ಬೆರೆತ ಹಿಟ್ಟಿನ ರೊಟ್ಟಿಯನ್ನು ತಿಂದು ಊರಿಗೆ ಊರೇ ನರಳುತ್ತಿತ್ತು. ಕೈಕಾಲುಗಳು ಬೆಂಕಿಯಲ್ಲಿ ಬೆಂದಂತೆ ಉರಿದು, ಕಪ್ಪಾಗಿ, ಕಳಚಿ ಬೀಳುತ್ತಿದ್ದವು. ಆದರೂ ಆ ದೇಶಗಳ ಸೂಲಗಿತ್ತಿಯರು ಇದೇ ಎರ್ಗಟ್ಟನ್ನು ಹೆರಿಗೆಯ ಸಮಯದಲ್ಲಿ ಕೊಡುತ್ತಿದ್ದರು. ಕೊಲ್ಲುವ ಗುಣವೂ ಕಾಯುವ ಗುಣವೂ ಒಂದೇ ಪದಾರ್ಥದಲ್ಲಿದ್ದುದು ಹೇಗೆ? ಅದರೊಳಗಿನ ಯಾವ ಅಂಶ ಯಾವ ಕೆಲಸ ಮಾಡುತ್ತದೆ? ಈ ಗೋಜಲನ್ನು ಬಿಡಿಸಬೇಕೆಂಬುದು ವೆಲ್‌ಕಮ್‌ನ ಇಚ್ಛೆಯಾಗಿತ್ತು. ಡೇಲನಿಗೆ ಮೊದಲು ಇದರಲ್ಲಿ ಅಂತಹ ಉತ್ಸಾಹವೇನೂ ಇರಲಿಲ್ಲ.

ಆದರೆ ಒಂದು ಸಂಜೆ ವಿಚಿತ್ರವಾದ ಘಟನೆ ನಡೆಯಿತು. ಅರಿವಿಲ್ಲದ ಸ್ಥಿತಿಯಲ್ಲಿದ್ದ ಬೆಕ್ಕೊಂದಕ್ಕೆ ಎರ್ಗಟ್ಟಿನ ಸಾರವನ್ನು ಕೊಟ್ಟು ಅದರ ರಕ್ತದ ಒತ್ತಡವನ್ನು ಅಳೆದು ಡೇಲನು ಪ್ರಯೋಗವನ್ನು ಮುಗಿಸುವುದರಲ್ಲಿದ್ದನು. ಅಷ್ಟರಲ್ಲಿ ಕಾರ್ಖಾನೆಯವರು ಅಡ್ರಿನಲ್ ಗ್ರಂಥಿಯನ್ನು ಒಣಗಿಸಿ ಮಾಡಿದ ಪುಡಿಯ ಮಾದರಿಯನ್ನು ಪರೀಕ್ಷೆಗಾಗಿ ಕಳುಹಿಸಿದರು. ಅಡ್ರಿನಲ್ ಗ್ರಂಥಿಯ ರಸವನ್ನು ಚುಚ್ಚಿದರೆ ರಕ್ತದ ಒತ್ತಡ ಏರಬೇಕು. ಡೇಲನು ಅದೇ ಬೆಕ್ಕಿಗೆ ಚುಚ್ಚಿ ನೋಡಿದನು. ಒತ್ತಡ ಇಳಿಯಿತು! ಮಾದರಿ ಕೆಟ್ಟಿದೆಯೆಂದು ಬರೆದು ತಿರಸ್ಕರಿಸಿದನು. ಒಂದು ವಾರದ ಮೇಲೆ ಇನ್ನೊಂದು ಮಾದರಿ ಬಂದಿತು; ಆಗಲೂ ಎರ್ಗಟ್ ಕೊಟ್ಟ ಬೆಕ್ಕೇ ಮೇಜಿನ ಮೇಲಿತ್ತು; ಆಗಲೂ ಒತ್ತಡ ಇಳಿಯಿತು. ಈ ಸಲ ಡೇಲನ ಕಣ್ಣು ತೆರೆಯಿತು. ಕೆಟ್ಟದ್ದು ಮಾದರಿಯಲ್ಲ. ಬೆಕ್ಕಿನ ದೇಹದಲ್ಲಿ ಮೊದಲೇ ಇದ್ದ ಎರ್ಗಟ್ಟು ಅಡ್ರಿನಲಿನ್ನಿನ ಒಂದು ಗುಣವನ್ನು ತಡೆದು, ಮರೆಯಲ್ಲಿದ್ದ ಮತ್ತೊಂದು ಗುಣವನ್ನು ಹೊರಗೆ ತಂದಿತ್ತು. ದೇಹದಲ್ಲಿರುವ ರಾಸಾಯನಿಕವೊಂದರ ಕೆಲಸವನ್ನು ಮತ್ತೊಂದು ರಾಸಾಯನಿಕದಿಂದ ತಡೆಯಬಹುದು ಎಂಬುದಕ್ಕೆ ಇದು ಸ್ಪಷ್ಟವಾದ ನಿದರ್ಶನವಾಯಿತು. 1906ರಲ್ಲಿ ಡೇಲನು ಇದನ್ನು ಪ್ರಕಟಿಸಿದನು. ಮೊದಲ ಸಲ ತಾನು ಮೋಸಹೋದ ಕಥೆಯನ್ನು ಅವನೇ ಮುಂದೆ ಸಂಕೋಚವಿಲ್ಲದೆ ಹೇಳಿಕೊಂಡಿದ್ದಾನೆ.

ಎರ್ಗಟ್ಟಿನ ಸಾರವನ್ನು ಬಾರ್ಜರನು ಒಂದೊಂದಾಗಿ ಬೇರ್ಪಡಿಸಿ ಕೊಡುವುದು, ಡೇಲನು ಅವುಗಳನ್ನು ಪ್ರಾಣಿಗಳ ಮೇಲೆ ಪರೀಕ್ಷಿಸುವುದು, ಹೀಗೆ ಕೆಲಸ ಮುಂದುವರಿಯಿತು. 1910ರಲ್ಲಿ ಅವರ ಕೈಗೆ ಒಂದು ಪ್ರಬಲವಾದ ಪದಾರ್ಥ ಸಿಕ್ಕಿತು. ರಸಾಯನಶಾಸ್ತ್ರಕ್ಕೆ ಅದು ಹೊಸದಲ್ಲ. ಜರ್ಮನಿಯ ವಿಂಡೌಸ್ ಮತ್ತು ಫೋಗ್ಟ್ ಎಂಬವರು 1907ರಲ್ಲಿಯೇ ಅದನ್ನು ಕೃತಕವಾಗಿ ತಯಾರಿಸಿದ್ದರು. ಆದರೆ ಅದು ಜೀವಿಗಳಲ್ಲಿ ಏನು ಮಾಡುತ್ತದೆಂಬುದು ಅವರಿಗೆ ಗೊತ್ತಿರಲಿಲ್ಲ. ನಾವು ತಿನ್ನುವ ಬೇಳೆ, ಹಾಲು, ಮಾಂಸಗಳ ಪ್ರೋಟೀನಿನಲ್ಲಿ ಹಿಸ್ಟಿಡಿನ್ ಎಂಬ ಅಮೈನೊ ಆಮ್ಲವಿದೆ. ಅದರಿಂದ ಇಂಗಾಲದ ಡೈಆಕ್ಸೈಡಿನ ಒಂದು ಅಣುವನ್ನು ಕಳೆದರೆ ಉಳಿಯುವುದೇ ಈ ಪದಾರ್ಥ. ಇದಕ್ಕೇ ಹಿಸ್ಟಮೀನ್ ಎಂಬ ಹೆಸರು ಬಂದಿತು. ಗ್ರೀಕ್ ಭಾಷೆಯಲ್ಲಿ ಅಂಗಾಂಶವನ್ನು ಸೂಚಿಸುವ ಶಬ್ದ ಈ ಹೆಸರಿನಲ್ಲಿ ಅಡಗಿದೆ.

ಡೇಲನೂ ಪ್ಯಾಟ್ರಿಕ್ ಲೈಡ್ಲಾ ಎಂಬ ಅವನ ಸಹೋದ್ಯೋಗಿಯೂ ಹಿಸ್ಟಮೀನನ್ನು ಪ್ರಾಣಿಗಳಿಗೆ ಚುಚ್ಚಿ ನೋಡಿದರು. ಬೆಕ್ಕಿನ ರಕ್ತದ ಒತ್ತಡ ಕುಸಿಯಿತು. ಗಿನಿಹಂದಿಯ ಶ್ವಾಸನಾಳಗಳು ಬಿಗಿದುಕೊಂಡು ಅದು ಕೆಲವೇ ನಿಮಿಷಗಳಲ್ಲಿ ಉಸಿರುಕಟ್ಟಿ ಸತ್ತಿತು. ಈ ದೃಶ್ಯವನ್ನು ಎಲ್ಲಿಯೋ ಕಂಡಂತಿದೆಯಲ್ಲ ಎಂದು ಅವರಿಗೆ ತೋರಿತು. ಅದಕ್ಕೆ ಕಾರಣವಿತ್ತು. 1902ರಲ್ಲಿ ಫ್ರಾನ್ಸಿನ ರಿಷೆ ಮತ್ತು ಪೋರ್ತಿಯೆ ಎಂಬವರು ಸಮುದ್ರಜೀವಿಯೊಂದರ ವಿಷವನ್ನು ನಾಯಿಗಳಿಗೆ ಸ್ವಲ್ಪಸ್ವಲ್ಪವಾಗಿ ಕೊಟ್ಟು ಅವುಗಳಿಗೆ ವಿಷನಿರೋಧಶಕ್ತಿಯನ್ನು ತಂದುಕೊಡಲು ಯತ್ನಿಸಿದ್ದರು. ಆದದ್ದು ಬೇರೆ. ಮೊದಲನೆಯ ಸಲ ಸಹಿಸಿಕೊಂಡ ನಾಯಿಯೇ ಕೆಲವು ವಾರಗಳ ಮೇಲೆ ಅತ್ಯಲ್ಪ ಪ್ರಮಾಣದ ವಿಷಕ್ಕೆ ಉಸಿರಿಗಾಗಿ ಹೋರಾಡಿ ಪ್ರಾಣ ಬಿಟ್ಟಿತು. ಇದಕ್ಕೆ ಅವರು ಅನಾಫೈಲಾಕ್ಸಿಸ್ ಎಂದು ಹೆಸರಿಟ್ಟರು. ಇದು ನಾಯಿಗಳಿಗಷ್ಟೇ ಸಂಬಂಧಿಸಿದ ವಿಷಯವಾಗಿರಲಿಲ್ಲ. ಗಂಟಲಮಾರಿ ರೋಗಕ್ಕೆ ಅಂದಿನ ವೈದ್ಯರು ಕುದುರೆಯ ರಕ್ತದಿಂದ ತಯಾರಿಸಿದ ಸೀರಮ್ಮನ್ನು ಚುಚ್ಚುತ್ತಿದ್ದರು. ಅದು ಎಷ್ಟೋ ಮಕ್ಕಳನ್ನು ಉಳಿಸಿತು. ಆದರೆ ಅಪರೂಪವಾಗಿ, ಚುಚ್ಚಿದ ಕೆಲವೇ ನಿಮಿಷಗಳಲ್ಲಿ ರೋಗಿ ಸತ್ತುಹೋಗುವುದೂ ಇತ್ತು. ಬದುಕಿಸಲು ಕೊಟ್ಟ ಔಷಧವೇ ಕೊಲ್ಲುವುದನ್ನು ನೋಡಿ ವೈದ್ಯರು ದಿಕ್ಕುಗಾಣದೆ ನಿಂತಿದ್ದರು.

ಅನಾಫೈಲಾಕ್ಸಿಸಿನಿಂದ ಸಾಯುವ ಗಿನಿಹಂದಿಯೂ ಹಿಸ್ಟಮೀನಿನಿಂದ ಸಾಯುವ ಗಿನಿಹಂದಿಯೂ ಒಂದೇ ರೀತಿಯಲ್ಲಿ ಸಾಯುತ್ತಿದ್ದವು. ಹಾಗಾದರೆ ಸಾವಿಗೆ ಕಾರಣ ದೇಹದೊಳಗಿಂದ ಹೊರಬೀಳುವ ಹಿಸ್ಟಮೀನೇ ಇರಬಹುದೆ? ಬೇರೆಯವನಾಗಿದ್ದರೆ ಇಷ್ಟರಿಂದಲೇ ಹೌದೆಂದು ಸಾರಿಬಿಡುತ್ತಿದ್ದನೇನೋ. ಡೇಲನು ಹೋಲಿಕೆಯನ್ನು ಬರೆದಿಟ್ಟನು, ತೀರ್ಪನ್ನು ಬರೆಯಲಿಲ್ಲ. ಹಿಸ್ಟಮೀನ್ ಸಜೀವ ದೇಹದಲ್ಲಿದೆಯೆಂಬುದಕ್ಕೇ ಆಗ ಪುರಾವೆಯಿರಲಿಲ್ಲ. 1911ರಲ್ಲಿ ಬಾರ್ಜರನೂ ಅವನೂ ಕರುಳಿನ ಒಳಪದರದಲ್ಲಿ ಅದನ್ನು ಕಂಡರು. ಆದರೆ ಕರುಳು ಬ್ಯಾಕ್ಟೀರಿಯಗಳ ಬೀಡು. ಹಿಸ್ಟಿಡಿನ್ನನ್ನು ಹಿಸ್ಟಮೀನನ್ನಾಗಿ ಮಾರ್ಪಡಿಸುವ ಶಕ್ತಿ ಕೆಲವು ಬ್ಯಾಕ್ಟೀರಿಯಗಳಿಗಿದೆ. ಹಳಸಿದ ಮೀನನ್ನು ತಿಂದವರಿಗೆ ಮುಖ ಕೆಂಪೇರಿ ಮೈ ತುರಿಸುವುದು ಇದರಿಂದಲೇ. ಸಿಕ್ಕಿದ ಹಿಸ್ಟಮೀನ್ ದೇಹದ್ದೋ ಬ್ಯಾಕ್ಟೀರಿಯದ್ದೋ ಎಂದು ಹೇಳುವ ಬಗೆ ಹೇಗೆ? ಅಂತೂ ಡೇಲನು ಕಾದನು.

ಈ ನಡುವೆ 1914ರಲ್ಲಿ ಎರ್ಗಟ್ಟಿನ ಇನ್ನೊಂದು ಮಾದರಿಯಲ್ಲಿ ಅವನಿಗೆ ಅಸಿಟೈಲ್‌ಕೋಲಿನ್ ಎಂಬ ಪದಾರ್ಥ ದೊರೆಯಿತು. ಅದೇ ವರ್ಷ ಅವನು ವೆಲ್‌ಕಮ್ ಸಂಶೋಧನಾಲಯವನ್ನು ಬಿಟ್ಟು ಸರ್ಕಾರದ ವೈದ್ಯಕೀಯ ಸಂಶೋಧನಾ ಸಮಿತಿಯ ಸೇವೆಗೆ ಸೇರಿದನು. ಅಷ್ಟರಲ್ಲಿ ಮಹಾಯುದ್ಧ ಪ್ರಾರಂಭವಾಯಿತು. ರಣರಂಗದಲ್ಲಿ ಗಾಯಗೊಂಡ ಸೈನಿಕರು ಶಸ್ತ್ರಚಿಕಿತ್ಸೆಯ ಮೊದಲೋ ಅನಂತರವೋ ಮೈ ತಣ್ಣಗಾಗಿ, ನಾಡಿ ಕ್ಷೀಣಿಸಿ, ಆಘಾತದಿಂದ ಸಾಯುತ್ತಿದ್ದರು. ಇದರ ಕಾರಣವನ್ನು ಹುಡುಕಲು ಡೇಲನು ಮತ್ತೆ ಹಿಸ್ಟಮೀನನ್ನು ಕೈಗೆತ್ತಿಕೊಂಡನು. ಹೆಚ್ಚು ಪ್ರಮಾಣದ ಹಿಸ್ಟಮೀನ್ ಸೂಕ್ಷ್ಮವಾದ ಲೋಮನಾಳಗಳನ್ನು ಹಿಗ್ಗಿಸಿ, ಅವುಗಳ ಗೋಡೆಯಿಂದ ರಕ್ತದ ದ್ರವಭಾಗವನ್ನು ಹೊರಕ್ಕೆ ಸೋರಿಸುತ್ತದೆಂದು ಅವನು ಲೈಡ್ಲಾನೊಡನೆ 1919ರಲ್ಲಿ ತೋರಿಸಿದನು. ರಕ್ತವು ದೇಹದೊಳಗೇ ಇದ್ದರೂ ಹೃದಯಕ್ಕೆ ಮರಳಿ ಬರುವುದಿಲ್ಲ. ಪಂಪಿಗೆ ನೀರು ಸಿಕ್ಕದಂತಾಗುತ್ತದೆ. ಈಥರ್ ಅರಿವಳಿಕೆ ಪಡೆದ ಹಾಗೂ ರಕ್ತ ಕಳೆದುಕೊಂಡ ಪ್ರಾಣಿಗಳಲ್ಲಿ ಈ ಅಪಾಯ ಹೆಚ್ಚೆಂದೂ ಅವನು ಕಂಡನು. ಸೈನಿಕರ ಆಘಾತಕ್ಕೆ ಮುಖ್ಯ ಕಾರಣ ಹಿಸ್ಟಮೀನಲ್ಲ, ರಕ್ತ ಹಾಗೂ ದ್ರವಗಳ ನಷ್ಟವೆಂದು ಮುಂದೆ ತಿಳಿದುಬಂದಿತು. ಆದರೂ ಸೊಳ್ಳೆ ಕಚ್ಚಿದ ಕಡೆ ದದ್ದು ಏಳುವುದೇಕೆಂಬುದಕ್ಕೆ ಈ ಕೆಲಸದಲ್ಲಿಯೇ ಉತ್ತರವಿತ್ತು. ಲೋಮನಾಳ ಹಿಗ್ಗಿದ್ದರಿಂದ ಕೆಂಪು. ದ್ರವ ಸೋರಿದ್ದರಿಂದ ಊತ.

ಕೊನೆಗೆ 1927ರಲ್ಲಿ ಸಂದೇಹ ಬಗೆಹರಿಯಿತು. ಇನ್ಸುಲಿನ್ನಿನ ಶೋಧದಲ್ಲಿ ಭಾಗಿಯಾಗಿದ್ದ ಚಾರ್ಲ್ಸ್ ಬೆಸ್ಟ್ ಆಗ ಡೇಲನೊಡನೆ ಕೆಲಸಮಾಡುತ್ತಿದ್ದನು. ಬೆಸ್ಟ್, ಡೇಲ್, ಡಡ್ಲಿ ಮತ್ತು ಥಾರ್ಪ್ ಸೇರಿ, ಬ್ಯಾಕ್ಟೀರಿಯಗಳಿಗೆ ಅವಕಾಶವೇ ಇಲ್ಲದಂತೆ ತಾಜಾ ಪಿತ್ತಜನಕಾಂಗ ಮತ್ತು ಶ್ವಾಸಕೋಶಗಳಿಂದ ಶುದ್ಧವಾದ ಹಿಸ್ಟಮೀನನ್ನು ಹೊರತೆಗೆದರು. ಅದು ದೇಹದ ಸ್ವಂತ ಸೊತ್ತೆಂಬುದು ಸ್ಥಿರವಾಯಿತು. ಅದೇ ಕಾಲದಲ್ಲಿ ಥಾಮಸ್ ಲೂಯಿಸ್ ಎಂಬ ಲಂಡನ್ನಿನ ವೈದ್ಯನು, ಚರ್ಮವನ್ನು ಗೀರಿದಾಗ ಮೂಡುವ ಕೆಂಪು ಗೆರೆ, ಸುತ್ತ ಹರಡುವ ಕೆಂಪು, ಮಧ್ಯೆ ಏಳುವ ಬಾವು ಇವು ಹಿಸ್ಟಮೀನಿನಂತಹ ವಸ್ತುವಿನಿಂದ ಆಗುವುವೆಂದು ವಿವರಿಸಿದನು. 1932ರಲ್ಲಿ ಬರ್ಲಿನ್ನಿನ ವಿಲ್‌ಹೆಲ್ಮ್ ಫೆಲ್ಡ್‌ಬರ್ಗ್ ಮತ್ತು ಅವನ ಜೊತೆಗಾರರು ಅನಾಫೈಲಾಕ್ಸಿಸ್ ಉಂಟಾದ ಗಿನಿಹಂದಿಯ ಶ್ವಾಸಕೋಶದಿಂದ ಇಂತಹ ವಸ್ತುವು ಹೊರಬೀಳುವುದನ್ನು ತೋರಿಸಿದರು. ಡೇಲನು 1910ರಲ್ಲಿ ಬರೆದಿಟ್ಟ ಹೋಲಿಕೆಗೆ ಈಗ ಆಧಾರ ದೊರೆಯಿತು.

ಈ ಫೆಲ್ಡ್‌ಬರ್ಗನ ಕಥೆಯನ್ನು ಇಲ್ಲಿ ಹೇಳಲೇಬೇಕು. ಅವನು ಯೆಹೂದ್ಯ. 1933ರಲ್ಲಿ ಹಿಟ್ಲರನು ಅಧಿಕಾರಕ್ಕೆ ಬಂದ ಕೂಡಲೆ ಅವನನ್ನು ಕೆಲಸದಿಂದ ತೆಗೆದುಹಾಕಿದರು. ಆ ವೇಳೆಗೆ ಡೇಲನು ಲಂಡನ್ನಿನ ರಾಷ್ಟ್ರೀಯ ವೈದ್ಯಕೀಯ ಸಂಶೋಧನಾ ಸಂಸ್ಥೆಯ ನಿರ್ದೇಶಕನಾಗಿದ್ದನು. ಅವನು ಫೆಲ್ಡ್‌ಬರ್ಗನನ್ನು ಕರೆಸಿಕೊಂಡು ತನ್ನ ಪ್ರಯೋಗಶಾಲೆಯಲ್ಲಿಯೇ ಆಶ್ರಯ ಕೊಟ್ಟನು. ನಿರಾಶ್ರಿತನಾಗಿ ಬಂದವನು ಬರಿಗೈಯಲ್ಲಿ ಬರಲಿಲ್ಲ. ಜಿಗಣೆಯ ಸ್ನಾಯುವಿನ ತುಣುಕನ್ನು ಬಳಸಿ ಅತ್ಯಲ್ಪ ಪ್ರಮಾಣದ ಅಸಿಟೈಲ್‌ಕೋಲಿನ್ನನ್ನು ಪತ್ತೆಮಾಡುವ ವಿಧಾನವನ್ನು ಅವನು ಬಲ್ಲವನಾಗಿದ್ದನು. ಅದರ ನೆರವಿನಿಂದ, ನರಗಳ ತುದಿಯಿಂದ ಅಸಿಟೈಲ್‌ಕೋಲಿನ್ ಹೊರಬಂದು ಸ್ನಾಯುಗಳಿಗೆ ಆಜ್ಞೆಯನ್ನು ಮುಟ್ಟಿಸುತ್ತದೆಂಬುದನ್ನು ಡೇಲನ ತಂಡ ಮೂರು ವರ್ಷಗಳಲ್ಲಿ ಸ್ಥಾಪಿಸಿತು. 1936ರಲ್ಲಿ ಡೇಲನಿಗೂ ಅವನ ಹಳೆಯ ಸ್ನೇಹಿತ ಲೋವಿಗೂ ಜಂಟಿಯಾಗಿ ನೊಬೆಲ್ ಪಾರಿತೋಷಕ ಬಂದಿತು. ಎರಡೇ ವರ್ಷಗಳಲ್ಲಿ, ಆಸ್ಟ್ರಿಯ ನಾಟ್ಸಿಗಳ ವಶವಾದಾಗ, ಅವರು ಲೋವಿಯನ್ನು ಸೆರೆಹಿಡಿದು ಅವನ ಪಾರಿತೋಷಕದ ಹಣವನ್ನು ಕಿತ್ತುಕೊಂಡು ದೇಶದಿಂದ ಹೊರಗಟ್ಟಿದರು.

ನೊಬೆಲ್ ಬಂದದ್ದು ಹಿಸ್ಟಮೀನಿಗಾಗಿ ಅಲ್ಲ. ಆದರೆ ಸಾಮಾನ್ಯ ಜನರ ನಿತ್ಯದ ಬಾಳಿನಲ್ಲಿ ಹೆಚ್ಚು ಉಪಯೋಗಕ್ಕೆ ಬಂದದ್ದು ಬಹುಶಃ ಹಿಸ್ಟಮೀನಿನ ಕೆಲಸವೇ. ಅಡ್ರಿನಲಿನ್ನಿನ ಕೆಲಸವನ್ನು ಎರ್ಗಟ್ಟು ತಡೆದಂತೆ ಹಿಸ್ಟಮೀನಿನ ಕೆಲಸವನ್ನು ತಡೆಯುವ ವಸ್ತುವೂ ಇರಬೇಕಲ್ಲವೆ? ಪ್ಯಾರಿಸ್ಸಿನ ಪಾಸ್ಚರ್ ಸಂಸ್ಥೆಯಲ್ಲಿ ಡೇನಿಯಲ್ ಬೋವೆ ಮತ್ತು ಆನ್-ಮರಿ ಸ್ತೌಬ್ ಎಂಬ ಅವನ ಶಿಷ್ಯೆ 1937ರಲ್ಲಿ ಅಂತಹ ಮೊದಲ ವಸ್ತುವನ್ನು ಪಡೆದರು. ಅದು ಮನುಷ್ಯರಿಗೆ ಕೊಡಲಾಗದಷ್ಟು ವಿಷಕಾರಿ. 1942ರಲ್ಲಿ ಫ್ರಾನ್ಸಿನಲ್ಲಿಯೇ ಮನುಷ್ಯರಿಗೆ ಕೊಡಬಹುದಾದ ಹಿಸ್ಟಮೀನ್‌ರೋಧಕ ಬಂದಿತು. ಇಂದು ಗಂಧೆಗೂ ಸೀನಿಗೂ ವೈದ್ಯರು ಕೊಡುವ ಮಾತ್ರೆಗಳು ಈ ವಂಶದವು. ಹಳೆಯ ಮಾತ್ರೆಗಳನ್ನು ನುಂಗಿದರೆ ತೂಕಡಿಕೆ ಬರುತ್ತಿತ್ತು. ಅದಕ್ಕೂ ಕಾರಣವಿದೆ: ಮಿದುಳಿನಲ್ಲಿ ನಮ್ಮನ್ನು ಎಚ್ಚರವಾಗಿಡುವ ಕೆಲಸದಲ್ಲಿ ಹಿಸ್ಟಮೀನಿಗೂ ಪಾಲಿದೆ; ಆ ಮಾತ್ರೆಗಳು ಅದನ್ನೂ ತಡೆಯುತ್ತಿದ್ದವು. ಬೋವೆಗೆ 1957ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಅದೇ ವರ್ಷ ರಸಾಯನಶಾಸ್ತ್ರದ ನೊಬೆಲ್ ಪಡೆದ ಅಲೆಕ್ಸಾಂಡರ್ ಟಾಡ್ ಡೇಲನ ಅಳಿಯನೆಂಬುದು ಒಂದು ಸ್ವಾರಸ್ಯ.

ಎರ್ಲಿಕನ ಮಾಸ್ಟ್ ಕೋಶಗಳ ಗುಟ್ಟು 1953ರಲ್ಲಿ ರಟ್ಟಾಯಿತು. ರೈಲಿ ಮತ್ತು ವೆಸ್ಟ್ ಎಂಬ ಬ್ರಿಟನ್ನಿನ ವಿಜ್ಞಾನಿಗಳು, ದೇಹದ ಹಿಸ್ಟಮೀನ್ ಬಹುಪಾಲು ಈ ಕೋಶಗಳ ಕಣಗಳಲ್ಲಿಯೇ ಅಡಗಿದೆಯೆಂದು ತೋರಿಸಿದರು. ಚರ್ಮ, ಮೂಗು, ಶ್ವಾಸಕೋಶ, ಕರುಳು, ಹೀಗೆ ಹೊರಗಿನ ಶತ್ರು ನುಗ್ಗಬಹುದಾದ ಕಡೆಗಳಲ್ಲೆಲ್ಲ ಇವು ಪಹರೆ ನಿಂತಿರುತ್ತವೆ. ಶತ್ರು ಬಂದಾಗ ಕಣಗಳನ್ನು ಚೆಲ್ಲಿ, ರಕ್ತನಾಳಗಳನ್ನು ಹಿಗ್ಗಿಸಿ, ರಕ್ಷಣೆಯ ಕೋಶಗಳಿಗೆ ದಾರಿ ಮಾಡಿಕೊಡುತ್ತವೆ. ಪರಾಗವನ್ನೋ ಸೀಗಡಿಯನ್ನೋ ಶತ್ರುವೆಂದು ತಪ್ಪು ತಿಳಿದರೆ ಅದೇ ಅಲರ್ಜಿ.

ಡೇಲನು 1940ರಿಂದ 1945ರವರೆಗೆ ರಾಯಲ್ ಸೊಸೈಟಿಯ ಅಧ್ಯಕ್ಷನಾಗಿದ್ದನು. ವಿಜ್ಞಾನವನ್ನು ರಹಸ್ಯದ ಕೋಣೆಯಲ್ಲಿ ಕೂಡಿಹಾಕುವುದನ್ನು ಅವನು ಒಪ್ಪುತ್ತಿರಲಿಲ್ಲ. ತಳಿವಿಜ್ಞಾನಿಗಳನ್ನು ಸೋವಿಯತ್ ರಷ್ಯ ಹಿಂಸಿಸಿದಾಗ, 1948ರಲ್ಲಿ, ಅಲ್ಲಿನ ವಿಜ್ಞಾನ ಅಕಾಡೆಮಿಯು ತನಗೆ ನೀಡಿದ್ದ ಗೌರವ ಸದಸ್ಯತ್ವವನ್ನು ಹಿಂದಿರುಗಿಸಿದನು. ಯೌವನದಲ್ಲಿ ಸ್ನೇಹಿತರ ಮಾತನ್ನು ಮೀರಿ ಯಾವ ವೆಲ್‌ಕಮ್‌ನ ಕೆಲಸಕ್ಕೆ ಸೇರಿದ್ದನೋ, ಆ ವೆಲ್‌ಕಮ್ ತನ್ನ ಆಸ್ತಿಯನ್ನು ವೈದ್ಯಸಂಶೋಧನೆಗೆ ಬಿಟ್ಟುಹೋಗಿದ್ದನು. ಅದನ್ನು ನಡೆಸುವ ಟ್ರಸ್ಟಿಗೆ ಡೇಲನು 1938ರಿಂದ 1960ರವರೆಗೆ ಅಧ್ಯಕ್ಷನಾಗಿದ್ದನು. 1968ರ ಜುಲೈ 23ರಂದು, ತನ್ನ ತೊಂಬತ್ತಮೂರನೆಯ ವಯಸ್ಸಿನಲ್ಲಿ, ಕೇಂಬ್ರಿಜ್‌ನಲ್ಲಿ ಕಾಲವಾದನು.

ಹಿಸ್ಟಮೀನಿನ ಒಂದು ಕಗ್ಗಂಟು ಅವನ ಜೀವಿತಕಾಲದಲ್ಲಿ ಬಿಡಿಸದೆ ಉಳಿದಿತ್ತು. ಅದು ಜಠರದಲ್ಲಿ ಆಮ್ಲವನ್ನು ಹೆಚ್ಚಿಸುತ್ತದೆಂದು ಪೊಪಿಯೆಲ್‌ಸ್ಕಿ ಎಂಬವನು 1920ರಲ್ಲಿಯೇ ತಿಳಿಸಿದ್ದನು. ಆದರೆ ಗಂಧೆಯನ್ನು ತಡೆಯುವ ಮಾತ್ರೆ ಆಮ್ಲವನ್ನು ತಡೆಯುತ್ತಿರಲಿಲ್ಲ. ಹಿಸ್ಟಮೀನಿಗೆ ಜಠರದಲ್ಲಿ ಬೇರೊಂದು ಬಗೆಯ ಗ್ರಾಹಕವಿದೆಯೆಂದು ಜೇಮ್ಸ್ ಬ್ಲ್ಯಾಕ್ 1972ರಲ್ಲಿ ಸಿದ್ಧಪಡಿಸಿದನು. ಅವನ ತಂಡ ತಯಾರಿಸಿದ ಸಿಮೆಟಿಡಿನ್ 1976ರಲ್ಲಿ ಬಳಕೆಗೆ ಬಂದು ಜಠರದ ಹುಣ್ಣಿನ ಎಷ್ಟೋ ರೋಗಿಗಳನ್ನು ಶಸ್ತ್ರಚಿಕಿತ್ಸೆಯಿಂದ ಪಾರುಮಾಡಿತು. ಆದರೆ ಜೇನುಹುಳು ಕುಟುಕಿಯೋ ಔಷಧ ಒಗ್ಗದೆಯೋ ಅನಾಫೈಲಾಕ್ಸಿಸ್ ಉಂಟಾಗಿ ಉಸಿರು ಕಟ್ಟುತ್ತಿರುವವನಿಗೆ ಈ ಯಾವ ಮಾತ್ರೆಯೂ ಸಾಲದು. ಅವನಿಗೆ ವೈದ್ಯರು ಇಂದಿಗೂ ಮೊಟ್ಟಮೊದಲು ತೊಡೆಗೆ ಚುಚ್ಚುವುದು ಅಡ್ರಿನಲಿನ್ನನ್ನು. ಅಂದು ಡೇಲನು ಕೆಟ್ಟ ಮಾದರಿಯೆಂದು ಬರೆದು ಹಿಂದಕ್ಕೆ ಕಳುಹಿಸಿದ ಪುಡಿಯೊಳಗಿದ್ದುದು ಅದೇ.